ಕೆಂದ ಯಾರೆಂದು ಕೇಳಿದ್ದರು

ದೀಪಾವಳಿ ಕಳೆದು ವಾರವಾಗಿತ್ತು. ಹುಲಿಕುಂಟೆ, ತಾವರೆಕೆರೆ ಕಡೆಯ ಹೊಲಗಳಲ್ಲಿ ಕಡಲೆಕಾಯಿ ಕೀಳುವ ಕೆಲಸ ನಡೆದಿತ್ತು. ಶಿರಾಕ್ಕೆ ಬರುವ ಬಸ್ಸುಗಳ ಮೆಟ್ಟಿಲ ಮೇಲೆಲ್ಲ ಕೆಂಪು ಮಣ್ಣು. ಜನರ ಕಾಲಿಗೆ ಹತ್ತಿ ಅದು ಗೌಹರಳ ಅಂಗಡಿಯ ಒಳಗೂ ಬರುತ್ತಿತ್ತು. ಚಿಕ್ಕ ಅಂಗಡಿ. ಮುಂದಿನ ಅರ್ಧದಲ್ಲಿ ಗಂಡ ಅಹಮದ್ ಷರೀಫನ ಹೊಲಿಗೆ ಮೆಷಿನ್ನು, ಹಿಂದಿನ ಅರ್ಧದಲ್ಲಿ ಅವಳ ಕಂಪ್ಯೂಟರು, ಪ್ರಿಂಟರು. ಬೆಳಿಗ್ಗೆಯಿಂದ ಅವಳು ಪಹಣಿ ತೆಗೆದುಕೊಟ್ಟಿದ್ದಳು, ಎರಡು ಸ್ಕಾಲರ್‌ಶಿಪ್ ಅರ್ಜಿ ತುಂಬಿದ್ದಳು. ಬೆಂಚಿನ ಮೇಲೆ ಇನ್ನೂ ನಾಲ್ಕು ಜನ ಕಾದಿದ್ದರು.

ಯಾವ ಅರ್ಜಿ ತೆರೆದರೂ ಇಮೇಲ್ ವಿಳಾಸ ಕೇಳುತ್ತದೆ. ಬಂದವರಲ್ಲಿ ಬಹುಪಾಲು ಜನರಿಗೆ ಅದು ಇರುವುದಿಲ್ಲ. ಗೌಹರ್ ಒಂಬತ್ತು ವರ್ಷದಿಂದ ಆ ಜಾಗದಲ್ಲಿ ಅಂಗಡಿಯ ವಿಳಾಸವನ್ನೇ ಬರೆಯುತ್ತ ಬಂದಿದ್ದಳು. ಹಾಗಾಗಿ ಸುತ್ತಿನ ಇಪ್ಪತ್ತು ಹಳ್ಳಿಗೆ ಬರಬೇಕಾದ ಮೇಲ್‌ಗಳೆಲ್ಲ ಅವಳೊಬ್ಬಳಿಗೇ ಬರುತ್ತಿದ್ದವು. ಅವುಗಳ ಜೊತೆ ಸಾಲ ಕೊಡುತ್ತೇವೆ, ಸೀರೆ ಕೊಳ್ಳಿ ಎನ್ನುವವು. ಈಚೆಗೆ ದಿನಕ್ಕೆ ಮುನ್ನೂರು ದಾಟುತ್ತಿತ್ತು.

ಜೂನ್‌ನಲ್ಲಿ ಕಳ್ಳಂಬೆಳ್ಳದ ಪ್ರಿಯಾಂಕ ಎಂಬ ಹುಡುಗಿಯ ಹಾಲ್ ಟಿಕೆಟ್ಟು ಆ ರಾಶಿಯಲ್ಲಿ ಹೂತುಹೋಗಿ, ಪರೀಕ್ಷೆಯ ಬೆಳಿಗ್ಗೆ ಸಿಕ್ಕಿತ್ತು. ಹುಡುಗಿ ಅಳುತ್ತಲೇ ಬಸ್ ಹತ್ತಿದ್ದಳು. ಆಮೇಲೆ ತಾಲ್ಲೂಕು ಕಚೇರಿಯ ಕಂಪ್ಯೂಟರ್ ಆಪರೇಟರ್ ಜಯಕುಮಾರ್ ಬಂದು ಕೂತು, ಮೇಲ್ ತಾನೇ ವಿಂಗಡವಾಗುವ ಹಾಗೆ ಮಾಡುವುದನ್ನು ಹೇಳಿಕೊಟ್ಟ. ಸರ್ಕಾರಿ ವಿಳಾಸ, ಬೋರ್ಡು, ಬ್ಯಾಂಕು, ವಿಶ್ವವಿದ್ಯಾಲಯ ಇವೆಲ್ಲ ‘ಮುಖ್ಯ’ಕ್ಕೆ. ಉಳಿದದ್ದು ‘ಇತರೆ’ಗೆ. ಯಾವುದು ಎಲ್ಲಿಗೆ ಎಂಬುದನ್ನು ಗೌಹರಳೇ ಯೋಚಿಸಿ ಆರಿಸಿದಳು. ಮಾರನೆಯ ದಿನದಿಂದ ‘ಮುಖ್ಯ’ದಲ್ಲಿ ಹದಿನೈದು ಇಪ್ಪತ್ತು ಮೇಲ್ ಮಾತ್ರ. ತಲೆಯ ಮೇಲಿನ ಹೊರೆ ಇಳಿದಂತಾಯಿತು. ‘ಇತರೆ’ಯನ್ನು ಅವಳು ತೆರೆಯುವುದನ್ನೇ ಬಿಟ್ಟಳು.

ಅವಳ ಬಳಿ ಅರ್ಜಿಯಿಲ್ಲದೆ ಬರುತ್ತಿದ್ದವಳು ಒಬ್ಬಳೇ, ಹುಲಿಕುಂಟೆ ಕಡೆಯ ಮುದ್ದಕ್ಕ. ಎರಡೂವರೆ ವರ್ಷದ ಹಿಂದೆ ಅವಳ ತಮ್ಮ ಓಬಳರಾಜು ಕಾಣೆಯಾಗಿದ್ದ. ನಲವತ್ತು ದಾಟಿದ್ದರೂ ಎಂಟು ವರ್ಷದ ಮಗುವಿನ ಬುದ್ಧಿ. ಕುರಿ ಬಿಟ್ಟರೆ ಬೇರೆ ಪ್ರಪಂಚ ಗೊತ್ತಿರಲಿಲ್ಲ. ಅವನು ಸಾಕಿದ್ದ ಟಗರನ್ನು ಮುದ್ದಕ್ಕ ಸಂತೆಯಲ್ಲಿ ಮುಂಬೈ ಕಡೆಯ ವ್ಯಾಪಾರಿಗೆ ಮಾರಿದ್ದಳು. ಟಗರಿನ ಹಿಂದೆಯೇ ಅವನೂ ಲಾರಿ ಹತ್ತಿದ್ದನ್ನು ಯಾರೋ ನೋಡಿದ್ದರು. ಪೊಲೀಸ್ ಕಂಪ್ಲೇಂಟ್ ಆದ ಮೇಲೆ ಗೌಹರ್ ಅವನ ಫೋಟೋ ಹಾಕಿ ಪೋಸ್ಟರ್ ಮಾಡಿ, ಅಂಗಡಿಯ ಇಮೇಲ್ ವಿಳಾಸವನ್ನೂ ಗಂಡನ ಫೋನ್ ನಂಬರನ್ನೂ ಕೆಳಗೆ ಬರೆದು, ಮಹಾರಾಷ್ಟ್ರದ ಇಪ್ಪತ್ತಮೂರು ಆಶ್ರಮಗಳಿಗೆ ಕಳಿಸಿದ್ದಳು. ಆ ಫೋನು ಮರುವರ್ಷ ಕಳೆದುಹೋಗಿ ನಂಬರು ಬದಲಾಯಿತು. ಮೇಲ್ ಇದೆಯಲ್ಲ ಎಂದುಕೊಂಡಿದ್ದರು.

ಅಂದಿನಿಂದ ಪ್ರತಿ ಸಂತೆಯ ದಿನ ಮುದ್ದಕ್ಕ ಬಂದು ಬೆಂಚಿನ ತುದಿಗೆ ಕೂರುತ್ತಿದ್ದಳು. ತನ್ನ ಸರದಿ ಬಂದಾಗ ಒಂದೇ ಮಾತು: “ಏನಾರ ಬಂತೇನಮ್ಮ?” ಗೌಹರ್ ತೆರೆದು ನೋಡಿ ಇಲ್ಲ ಎನ್ನುತ್ತಿದ್ದಳು. ಮುದ್ದಕ್ಕ ಚೀಲದಿಂದ ಒಂದು ಸೇರು ಹುರುಳಿಯೋ ಅವರೆಯೋ ತೆಗೆದು ಮೆಷಿನ್ನಿನ ಪಕ್ಕದ ತಗಡಿನ ಬೇಸಿನ್‌ಗೆ ಸುರಿಯುತ್ತಿದ್ದಳು. ಎಷ್ಟು ಬೇಡವೆಂದರೂ ಕೇಳುತ್ತಿರಲಿಲ್ಲ. ನೋಡಿದ್ದಕ್ಕೆ ಕೊಡುವುದು, ಸಿಕ್ಕಿದ್ದಕ್ಕಲ್ಲ ಎನ್ನುವುದು ಅವಳ ಲೆಕ್ಕ.

ಹೋದ ಸಂತೆಯಲ್ಲಿ ಹೊಸ ಕಡಲೆಕಾಯಿ ತಂದಿದ್ದಳು. “ಅಕ್ಕೋ, ಇದು ನಂಗಾ ಕಂಪ್ಯೂಟ್ರಿಗಾ?” ಎಂದು ಷರೀಫ್ ಕೆಣಕಿದ್ದ.

“ಕಾಯಿ ಅವ್ಳಿಗೆ, ಸಿಪ್ಪೆ ನಿಂಗೆ ಕಣಪ್ಪ. ನೀನು ಹೊಲ್ದ ರವಿಕೆ ಒಂದು ಸಂತೆ ತಡೀಲಿಲ್ಲ.”

ಅದಾದ ಮೂರು ದಿನಕ್ಕೆ, ಜಾಗ ತುಂಬಿದೆ, ಇನ್ನು ಹೊಸ ಮೇಲ್ ಬರುವುದಿಲ್ಲ ಎಂದು ಕಂಪ್ಯೂಟರು ತೋರಿಸಿತು. ಅಳಿಸಿ ಜಾಗ ಮಾಡೋಣವೆಂದು ಗೌಹರ್ ‘ಇತರೆ’ ತೆರೆದಳು. ಸಾಲದ ಜಾಹೀರಾತುಗಳನ್ನು ಪುಟಪುಟವಾಗಿ ಅಳಿಸುತ್ತ ಹೋದವಳಿಗೆ ನಡುವೆ ಒಂದು ಮುಖ ಕಂಡಿತು. ತಲೆ ಬೋಳಿಸಿದ್ದರು, ಕೆನ್ನೆ ಒಳಗೆ ಹೋಗಿತ್ತು. ಆದರೂ ಓಬಳರಾಜುವೇ.

ಒಂದೇ ವಿಳಾಸದಿಂದ ಮೂರು ಮೇಲ್ ಇದ್ದವು, ಮೂರೂ ಹಿಂದಿಯಲ್ಲಿ. ಆಶ್ರಮಕ್ಕೆ ಹೊಸದಾಗಿ ಸೇರಿದವರೊಬ್ಬರು ಹಳೆಯ ಪೋಸ್ಟರ್ ನೋಡಿ ತಮ್ಮ ಸ್ವಂತ ವಿಳಾಸದಿಂದ ಬರೆದಿದ್ದರು. ಮೊದಲನೆಯದು ಬಂದು ಹನ್ನೊಂದು ವಾರವಾಗಿತ್ತು. ನಿಮ್ಮ ಪೋಸ್ಟರಿನವನು ನಮ್ಮಲ್ಲಿದ್ದಾನೆ, ಫೋನ್ ಹೋಗುತ್ತಿಲ್ಲ, ದಯಮಾಡಿ ಉತ್ತರಿಸಿ. ದಿನವೂ ಕೆಂದ, ಕೆಂದ ಎನ್ನುತ್ತಾನೆ, ಕೆಂದ ಅವನ ಮಗನೇ? ಎಂದಿತ್ತು. ಎರಡನೆಯದು ಆಯುಧಪೂಜೆಯ ಹೊತ್ತಿನದು. ಜ್ವರ ಇಳಿಯುತ್ತಿಲ್ಲ, ಅಕ್ಕ ಬಂದಳಾ ಎಂದು ಕೇಳುತ್ತಾನೆ. ಮೂರನೆಯದು ಹದಿನೆಂಟು ದಿನದ ಹಿಂದಿನದು. ಎರಡು ದಿನ ಕಾದೆವು, ಯಾರೂ ಬರದ ಕಾರಣ ಮಣ್ಣು ಮಾಡಿದೆವು.

ಗೌಹರ್ ಎದ್ದು ಗಂಡನ ಮೆಷಿನ್ನಿನ ಬಳಿ ಹೋಗಿ ನಿಂತಳು. ಮೂರು ಮೇಲ್‌ಗಳ ವಿಷಯವನ್ನೂ ಹೇಳಿದಳು. ಷರೀಫ್ ಮೆಷಿನ್ ತುಳಿಯುವುದನ್ನು ನಿಲ್ಲಿಸಿ, ಮುದ್ದಕ್ಕನಿಗೆ ಓದಲು ಬರುವುದಿಲ್ಲ, ಇವತ್ತೇ ಬಂತು ಎಂದುಬಿಡು ಎಂದ. ಹೋದವನು ಹೇಗಿದ್ದರೂ ಹೋದ, ಇದ್ದವಳಿಗೆ ಇನ್ನೊಂದು ಸಂಕಟ ಏಕೆ? ಫೋನು ಕಳೆದವನು ನಾನೂ ಇದ್ದೇನಲ್ಲ ಎಂದೂ ಸೇರಿಸಿದ. ಗೌಹರ್ ಹುಲಿಕುಂಟೆಗೆ ತಾನೇ ಹೋಗಬೇಕೆಂದು ಎರಡು ದಿನ ಬಸ್‌ಸ್ಟ್ಯಾಂಡಿನವರೆಗೆ ನಡೆದು, ಎರಡು ದಿನವೂ ವಾಪಸು ಬಂದಳು.

ಸಂತೆಯ ದಿನ ಮುದ್ದಕ್ಕ ಎಂದಿನಂತೆ ಬಂದಳು. ಗೌಹರ್ ಬೆಂಚಿನವರನ್ನು ಆಮೇಲೆ ಬನ್ನಿ ಎಂದು ಕಳಿಸಿದಳು. ಅದನ್ನು ನೋಡುತ್ತಿದ್ದಂತೆ ಮುದ್ದಕ್ಕನ ಕೈ ಸೆರಗಿಗೆ ಹೋಯಿತು.

“ಸಿಕ್ಕಿದ್ನಾ?”

“ಸಿಕ್ಕಿದ್ದ ಮುದ್ದಕ್ಕ. ಈಗ ಇಲ್ಲ.”

ಪ್ರಿಂಟ್ ತೆಗೆದಿಟ್ಟಿದ್ದ ಫೋಟೋವನ್ನು ಅವಳ ಮುಂದಿಟ್ಟಳು. ಮುದ್ದಕ್ಕ ಆ ಬೋಳು ತಲೆಯ ಮೇಲೆ ಬೆರಳಾಡಿಸಿದಳು. ಅಳು ಬಂದು, ಬಂದಷ್ಟೇ ಹೊತ್ತಿನಲ್ಲಿ ನಿಂತಿತು.

“ಇವತ್ತು ಬಂತಾ ಇದು?”

ಷರೀಫ್ ತಲೆ ಎತ್ತಿ ಹೆಂಡತಿಯ ಕಡೆ ನೋಡಿದ.

“ಇಲ್ಲ. ಹನ್ನೊಂದು ವಾರ ಆಯ್ತು. ಮೇಲ್ ಎರಡು ಕಡೆ ಬೀಳೋ ಹಂಗೆ ಮಾಡಿದ್ದೆ. ಇದು ಇನ್ನೊಂದು ಕಡೆ ಬಿದ್ದಿತ್ತು. ನೀನು ಕೇಳ್ದಾಗೆಲ್ಲ ನಾನು ಒಂದೇ ಕಡೆ ನೋಡಿ ಇಲ್ಲ ಅಂತಿದ್ದೆ.”

ಮುದ್ದಕ್ಕ ಆ ವಾರಗಳನ್ನು ತನ್ನ ರೀತಿಯಲ್ಲಿ ಹಿಂದಕ್ಕೆ ಎಣಿಸಿದಳು.

“ಹಂಗಾದ್ರೆ ಕಡ್ಲೇಗಿಡ ಹೂವಾದಾಗ ಇದ್ದ.”

“ಇದ್ದ.”

“ಆಯುಧಪೂಜೆಗೆ?”

“ಇದ್ದ. ಜ್ವರ ಇತ್ತಂತೆ. ನಿನ್ನ ಕೇಳ್ತಿದ್ನಂತೆ.”

ಆಮೇಲೆ ಗೌಹರ್ ಮೂರು ಮೇಲ್‌ಗಳನ್ನೂ ಒಂದೊಂದಾಗಿ ಕನ್ನಡದಲ್ಲಿ ಹೇಳಿದಳು, ಏನನ್ನೂ ಬಿಡಲಿಲ್ಲ. ಕೆಂದ ಮಗನೇ ಎಂಬ ಮಾತು ಬಂದಾಗ ಮುದ್ದಕ್ಕ ಕೈ ಎತ್ತಿ ತಡೆದಳು.

“ಅದಕ್ಕೆ ಬರಿ. ಕೇಳ್ದೋರ್ಗೆ ಉತ್ತರ ಕೊಡ್ಬೇಕಲ್ಲ. ಕೆಂದ ಮಗ ಅಲ್ಲ, ಟಗರು ಅಂತ ಬರಿ.”

ಗೌಹರ್ ತನಗೆ ಬರುವ ಹಿಂದಿಯಲ್ಲಿ ಬರೆದಳು.

“ಅದನ್ನ ಮಾರಿದ್ದು ಅವ್ನ ಅಕ್ಕ ಅಂತ್ಲೂ ಬರಿ.”

ಅದನ್ನೂ ಬರೆದಳು. ಅದರ ಕೆಳಗೆ ಯಾರೂ ಹೇಳದೆ ಇನ್ನೊಂದು ಸಾಲು ಸೇರಿಸಿದಳು: ನಿಮ್ಮ ಮೂರು ಮೇಲ್‌ಗಳೂ ಸಮಯಕ್ಕೆ ಬಂದಿದ್ದವು, ನಾನು ನೋಡಲಿಲ್ಲ. ಆಮೇಲೆ ಕಳಿಸಿದಳು.

“ಹೋಯ್ತಾ?”

“ಹೋಯ್ತು.”

“ಅವ್ರು ನೋಡ್ತಾರಾ?”

ಗೌಹರ್ ಪರದೆಯತ್ತಲೇ ಮುಖ ಮಾಡಿ ಕೂತಳು.

ಮುದ್ದಕ್ಕ ಫೋಟೋ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಾಲ ಬಳಿಯಿದ್ದ ಚೀಲ ಎತ್ತಿಕೊಂಡಳು. ಬೇಸಿನ್ನಿನ ಹತ್ತಿರ ಬಂದಾಗ ಅವಳ ಹೆಜ್ಜೆ ತುಸು ನಿಧಾನವಾಯಿತು. ಚೀಲದೊಳಗಿನ ಕಡಲೆಕಾಯಿ ಸರಿದ ಸದ್ದು ಷರೀಫನಿಗೂ ಕೇಳಿಸಿತು. ಅವಳು ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊಸಲು ದಾಟಿದಳು.

ಬೇಸಿನ್ನಿನಲ್ಲಿ ಹೋದ ಸಂತೆಯ ಕಾಯಿ ಇನ್ನೂ ಒಂದು ಹಿಡಿ ಉಳಿದಿತ್ತು. ಗೌಹರ್ ಅದನ್ನು ಒಂದು ಕಾಗದದಲ್ಲಿ ಕಟ್ಟಿ ಹಿಂದೆಯೇ ಹೊರಟಳು. ಬಸ್‌ಸ್ಟ್ಯಾಂಡಿನಲ್ಲಿ ಹುಲಿಕುಂಟೆಯ ಬಸ್ಸು ಕಂಡಿತು. ಕಿಟಕಿಯ ಪಕ್ಕ ಮುದ್ದಕ್ಕ ಕೂತಿದ್ದಳು, ಚೀಲ ತೊಡೆಯ ಮೇಲೆ. ಬಸ್ಸು ಹೊರಡುವವರೆಗೂ ಗೌಹರ್ ಪೊಟ್ಟಣ ಹಿಡಿದು ಕಂಬದ ಬಳಿ ನಿಂತಿದ್ದಳು. ಮುದ್ದಕ್ಕ ಈ ಕಡೆ ನೋಡಲಿಲ್ಲ, ಇವಳೂ ಕರೆಯಲಿಲ್ಲ.