ನೂರಾ ಹನ್ನೆರಡನೆಯ ಪುಟದ ಆಚೆ

ನಾನೊಂದು ಪತ್ತೇದಾರಿ ಕಾದಂಬರಿ. ನೂರಾ ಹನ್ನೆರಡನೆಯ ಪುಟದವರೆಗೆ ಇದನ್ನು ಎದೆ ತಟ್ಟಿ ಹೇಳಬಲ್ಲೆ. ಅಲ್ಲಿಂದ ಮುಂದೆ ನಾನು ಯಾರೆಂಬುದು ನನಗೇ ಬಗೆಹರಿದಿಲ್ಲ.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ. ಆಗ ನನ್ನ ಹೊದಿಕೆಯ ಮೇಲೊಂದು ಪಿಸ್ತೂಲು, ಅದರ ಪಕ್ಕ ಒಬ್ಬ ಹೆಂಗಸು. ಕಥೆಯೊಳಗೆ ಪಿಸ್ತೂಲೂ ಇಲ್ಲ, ಆ ಹೆಂಗಸೂ ಇಲ್ಲ. ಗೊಂದಲ ನನಗೆ ಹುಟ್ಟಿನಿಂದಲೇ ಬಂದದ್ದು ಅನ್ನಿ. ಹುಲಗಟ್ಟಿಯ ಹೈಸ್ಕೂಲು ಸೇರಿದ ಮೇಲೆ ಹೊದಿಕೆ ಹರಿಯಿತು, ಹೊಲಿಗೆ ಬಿಚ್ಚಿತು. ಬೈಂಡು ಹಾಕುವ ಪರಸಪ್ಪನ ಅಂಗಡಿಗೆ ನನ್ನನ್ನು ಒಯ್ದರು.

ಪರಸಪ್ಪ ನನ್ನನ್ನೂ ಜೇನು ಸಾಕಣೆಯ ಒಂದು ಪುಸ್ತಕವನ್ನೂ ಬಿಚ್ಚಿ ನೆಲದ ಮೇಲೆ ಹರಡಿಕೊಂಡಿದ್ದ. ಕರೆಂಟು ಹೋಗಿತ್ತು, ಫ್ಯಾನಿನ ಸ್ವಿಚ್ಚು ಆರಿಸಲು ಮರೆತಿದ್ದ. ಕರೆಂಟು ಬಂತು ನೋಡಿ, ನಾವಿಬ್ಬರೂ ಅಂಗಡಿ ತುಂಬ ಹಾರಿದೆವು. ಅವನು ಬೇಸರಿಸದೆ ಹಾಳೆ ಹೆಕ್ಕಿ, ಪುಟಸಂಖ್ಯೆ ನೋಡಿ ಜೋಡಿಸಿದ. ನೂರಾ ಹನ್ನೆರಡರ ನಂತರ ನೂರಾ ಹದಿಮೂರು. ಅಳತೆಯೂ ಒಂದೇ, ಅಂಕಿಯೂ ಸರಿ. ಯಾವ ಪುಸ್ತಕದ ನೂರಾ ಹದಿಮೂರು ಎಂದು ಕೇಳುವುದು ಬೈಂಡಿನವನ ಕೆಲಸವೇ? ಇಬ್ಬರಿಗೂ ಒಂದೇ ನಮೂನೆಯ ಕಂದು ರಟ್ಟು ಹಾಕಿ ಕಳಿಸಿದ.

ಬಹಳ ವರ್ಷ ಯಾರೂ ದೂರು ತರಲಿಲ್ಲ. ಆ ಶಾಲೆಯಲ್ಲಿ ಹಾಜರಿ ನಂಬರಿನ ಪ್ರಕಾರ ಪುಸ್ತಕ ಹಂಚುವ ಪದ್ಧತಿ. ಪಾಲಿಗೆ ಬಂದದ್ದನ್ನು ಒಯ್ದು, ಮುಂದಿನ ಶನಿವಾರ ಎದ್ದು ನಿಂತು ಅದರ ಕಥೆ ಹೇಳಬೇಕು. ಹುಡುಗರು ನನ್ನ ಮೊದಲ ನಾಲ್ಕು ಪುಟ ತಿರುವಿ, "ಕಡೀಕ ಕೊಲೆಗಾರ ಸಿಕ್ಕ, ಜೈಲಿಗೆ ಹೋದರಿ. ಸತ್ಯಕ್ಕ ಜಯ ಐತಿ ಅಂತ ತಿಳೀತರಿ ಸರ," ಅನ್ನುತ್ತಿದ್ದರು. ಕನ್ನಡದ ಹಂಚಿನಾಳ ಸರ್ "ಶಾಬಾಸ್" ಅನ್ನುತ್ತಿದ್ದರು.

ಹೀಗಿರುತ್ತ ನಾನು ಒಂಬತ್ತನೆಯ ತರಗತಿಯ ಕಸ್ತೂರಿ ಬಡಿಗೇರಳ ಪಾಲಿಗೆ ಬಂದೆ. ಅವಳಿಗೆ ಪುಸ್ತಕವೆಂದರೆ ಪಾಠ, ಪಾಠವೆಂದರೆ ಪ್ರಶ್ನೋತ್ತರ. ನನ್ನ ಕೊನೆಯಲ್ಲಿ ಪ್ರಶ್ನೆಗಳೇ ಇಲ್ಲದ್ದು ಕಂಡು ದಿಗಿಲಾದಳು. ಹಾಗಾದರೆ ಓದುವುದು ಯಾತಕ್ಕೆ? ಒಲೆಯ ಮುಂದೆ ಹಾಲು ಕಾಯುತ್ತ ಕೂತಾಗ ಬೇಸರಕ್ಕೆ ತೆರೆದಳು. ನನ್ನೊಳಗೆ ಮುದಿ ಸಾಹುಕಾರ ವಿಷದ ಹಾಲು ಕುಡಿಯುವಷ್ಟರಲ್ಲಿ ಅವಳ ಹಾಲು ಉಕ್ಕಿ ಒಲೆ ಆರಿತು.

"ಓದು ಓದು ಅಂದ್ರ ಓದಲಾರದಾಕಿ, ಇವತ್ತೇನ ಬಂತ ನಿನಗ ರೋಗ!" ಎಂದಳು ಅವ್ವ.

"ತಡಿಬೇ ಯವ್ವಾ, ಸಾಹುಕಾರ ಸತ್ತ."

"ಯಾವ ಸಾಹುಕಾರ?" ಅವ್ವ ಗಾಬರಿಯಾಗಿ ಓಣಿಗೆ ಹೋಗಿ ನೋಡಿ ಬಂದಳು.

ಕಸ್ತೂರಿ ಅಳಿಯನನ್ನು ಅನುಮಾನಿಸಿದಳು, ಡಾಕ್ಟರನ್ನು ಅನುಮಾನಿಸಿದಳು, ಅಡುಗೆಯವನನ್ನೂ ಬಿಡಲಿಲ್ಲ. ಪತ್ತೇದಾರ ಎಲ್ಲರನ್ನೂ ಪಡಸಾಲೆಗೆ ಕರೆಸಿ, ಬೆರಳೆತ್ತಿ, "ವಿಷ ಬೆರೆಸಿದವರು ಬೇರೆ ಯಾರೂ ಅಲ್ಲ" ಎಂದ. ಅವಳು ಪುಟ ತಿರುವಿದಳು. "ಪೆಟ್ಟಿಗೆಯನ್ನು ನೆರಳಿನಲ್ಲಿಡಬೇಕು. ಇರುವೆ ಹತ್ತದಂತೆ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡಬೇಕು."

ಇದೂ ಪತ್ತೇದಾರನದೇ ಉಪಾಯವಿರಬೇಕೆಂದು ಕೊನೆಯತನಕ ಓದಿದಳು. ರಾಣಿಜೇನಿನ ಮೇಲೂ ಅವಳಿಗೆ ಅನುಮಾನ ಬಂತು.

ಶನಿವಾರ ಇದ್ದದ್ದನ್ನು ಇದ್ದಂತೆ ಹೇಳಿದಳು. ತರಗತಿ ಬಿದ್ದು ಬಿದ್ದು ನಕ್ಕಿತು.

"ಏನವಾ, ಕೊಲೆ ಮನ್ಯಾಗ ಜೇನ ಎಲ್ಲಿಂದ ಬಂತು?" ಸರ್ ಕೇಳಿದರು. "ಓದಿಲ್ಲಂದ್ರ ಓದಿಲ್ಲ ಅನ್ನು."

"ಪೂರಾ ಓದೇನ್ರಿ ಸರ."

"ಹಂಗಾರ ಕೊಲೆಗಾರ ಯಾರು?"

"ಅದ ತಿಳೀವಲ್ದರಿ."

"ಅದನ್ನ ಹೇಳೂತನಕ ನಿನಗ ಬ್ಯಾರೆ ಪುಸ್ತಕ ಇಲ್ಲ. ಕುಂದ್ರು."

ಹಿಂದಿನ ವಾರವಾಗಿದ್ದರೆ ಈ ಶಿಕ್ಷೆಗೆ ಅವಳು ಪೇಢೆ ಹಂಚುತ್ತಿದ್ದಳು. ಈಗ ನನ್ನ ರಟ್ಟಿನ ಮೇಲೆ ಕಣ್ಣೀರು ಬಿತ್ತು. ಜೀವಮಾನದಲ್ಲಿ ಮೊದಲ ಪುಸ್ತಕ ಮುಗಿಸಿ ಸುಳ್ಳಿ ಎನಿಸಿಕೊಂಡಿದ್ದಳು.

"ಜೇನು ಇಲ್ಲಿಗೆ ಬಂದಾವಂದ್ರ, ಕೊಲೆಗಾರ ಅಲ್ಲಿಗೆ ಹೋಗಿರಬೇಕು," ಎಂದು ನನಗೇ ಹೇಳಿದಳು. ನನಗೆ ಹೊಳೆಯದ ಮಾತು ಅದು.

ಕಪಾಟಿನ ಧೂಳು ಒರೆಸುತ್ತೇನೆಂದು ನೆಪ ಹೇಳಿ ಒಂದೊಂದೇ ಕಂದು ರಟ್ಟು ತೆರೆದಳು. ಜೇನು ಹುಡುಕುತ್ತ ಒಂದು ಹಡಗಿನ ಕಥೆಯಲ್ಲಿ ಸಿಕ್ಕಿಬಿದ್ದಳು. ಅಲ್ಲಿಂದ ಬಿಡಿಸಿಕೊಂಡು ದೆವ್ವದ ಕಥೆಗೆ ಬಿದ್ದಳು. ಕೈಯಲ್ಲಿದ್ದ ಬಟ್ಟೆ ಒಣಗಿತು, ಧೂಳು ಅಲ್ಲೇ ಉಳಿಯಿತು. ಜೇನಿನ ಪುಸ್ತಕ ಮಾತ್ರ ಸಿಕ್ಕಲಿಲ್ಲ.

ಸಿಕ್ಕಿದ್ದು ಸ್ಟಾಫ್ ರೂಮಿನಲ್ಲಿ, ಹಂಚಿನಾಳ ಸರ್ ಮೇಜಿನ ಮೇಲೆ, ಚಹಾದ ಲೋಟದ ಕೆಳಗೆ. ಸರ್ ಹಿಂದೊಮ್ಮೆ ಜೇನು ಸಾಕಿದ್ದರು. ಕಸ್ತೂರಿ ಕೇಳಿಯೇ ಅದನ್ನು ತೆಗೆದುಕೊಂಡು ನೂರಾ ಹದಿಮೂರನೆಯ ಪುಟ ತೆರೆದಳು. ಓದಿದಳು. ಬಾಯಿಯ ಮೇಲೆ ಕೈ ಇಟ್ಟಳು.

"ಅಯ್ಯ ಯವ್ವಾ, ಇವರಾ!"

"ಯಾರವಾ?"

"ಇದನ್ನ ನೀವು ಓದಿಲ್ಲೇನ್ರಿ ಸರ?"

ಸರ್ ಕಿಟಕಿಯ ಕಡೆ ನೋಡಿದರು. "ಅಲ್ಲೀತನಕ ಬರೂದ್ರಾಗ ಜೇನು ಹಾರಿ ಹೋಗಿದ್ವು." ಮತ್ತೆ ಅವಳ ಕಡೆ ತಿರುಗಿ, "ಯಾರಂತ ಹೇಳವಾ," ಎಂದರು.

"ಓದ್ರಿ ಸರ."

ಸರ್ ನನ್ನನ್ನೂ ಜೇನಿನ ಪುಸ್ತಕವನ್ನೂ ಮನೆಗೊಯ್ದು ಓದಿದರು. ಮುಂದಿನ ಶನಿವಾರ ಇಡೀ ತರಗತಿಯ ಎದುರು, "ಕಸ್ತೂರಿ ಓದ್ಯಾಳ, ನಾ ಓದಿದ್ದಿಲ್ಲ," ಎಂದರು. ಕಪಾಟಿನ ಬೀಗದ ಕೈ ಅವಳಿಗೇ ಕೊಟ್ಟರು. ನಮ್ಮನ್ನು ಬಿಚ್ಚಿಸಿ ಸರಿಯಾಗಿ ಹೊಲಿಸುವ ಮಾತೂ ಬಂತು.

"ಇರ್ಲಿ ಬಿಡ್ರಿ ಸರ," ಎಂದಳು ಕಸ್ತೂರಿ. "ಖರೇ ಓದಿದವರು ಯಾರಂತ ತಿಳೀತೈತಿ."

ಈಗ ನನಗೆ ವಯಸ್ಸಾಯಿತು. ಹುಳು ಅಂಚಿನಿಂದ ಒಳಗೆ ಬರುತ್ತಿದೆ. ಜೇನಿನ ಪುಸ್ತಕ ಪಕ್ಕದಲ್ಲೇ ಮೈಗೆ ಮೈ ತಾಗಿಸಿ ನಿಂತಿದೆ, ನನ್ನ ಕೊಲೆಗಾರನನ್ನು ಹೊಟ್ಟೆಯಲ್ಲಿಟ್ಟುಕೊಂಡು. ಆದರೆ ಮುಚ್ಚಿದ ಪುಸ್ತಕಗಳಿಗೆ ಮಾತು ಬಾರದು. ಕಸ್ತೂರಿಯಾಗಲಿ ಸರ್ ಆಗಲಿ ಆ ಪುಟವನ್ನು ಗಟ್ಟಿಯಾಗಿ ಓದಲಿಲ್ಲ. ನನಗೆ ಅಡುಗೆಯವನ ಮೇಲೆಯೇ ಅನುಮಾನ. ಖಾತ್ರಿಯಾಗಿ ಗೊತ್ತಿರುವುದು ಇಷ್ಟೆ: ಪೆಟ್ಟಿಗೆಯನ್ನು ನೆರಳಿನಲ್ಲಿಡಬೇಕು.