ಸಿದ್ದೇಶನ ಕಾರ್ಡು

ಸಿದ್ದೇಶ ನೀರಿನ ತೊಟ್ಟಿಯೊಳಗೆ ಫುಟ್‌ಬಾಲನ್ನು ಎರಡು ಕೈಯಲ್ಲೂ ಅದುಮಿ ಹಿಡಿದು ಗುಳ್ಳೆ ಏಳುವುದನ್ನು ಕಾಯುತ್ತಿದ್ದ. ಲಾರಿ ಟ್ಯೂಬಿಗೆ ಹಾಕುವ ತೇಪೆಯನ್ನೇ ಚೆಂಡಿಗೂ ಹಾಕುವುದು ಆ ಪಂಕ್ಚರ್ ಅಂಗಡಿಯ ರೂಢಿ. ಹೊಸ ಹೈವೇ ಮದ್ದೂರನ್ನು ಹೊರಗಿಟ್ಟು ಹೋದ ಮೇಲೆ ಹಳೇ ರಸ್ತೆಯಲ್ಲಿ ಲಾರಿಗಳು ಕಡಿಮೆಯಾಗಿದ್ದವು. ಈಗ ಚೆಂಡಿಗೇ ತೇಪೆ ಜಾಸ್ತಿ.

"ಮೇಡಂ, ಇನ್ನೊಂದ್ಸಲ ಯೋಳಿ" ಎಂದು ಅಂಗಡಿಯ ಯಜಮಾನ ಶಿವರಾಮು ಮೊಬೈಲಿನ ಸ್ಪೀಕರ್ ಒತ್ತಿ ಕಂಪ್ರೆಸರಿನ ಮೇಲಿಟ್ಟ. ಇಪ್ಪತ್ತು ವರ್ಷದಿಂದ ಸಂಜೆ ಹೊತ್ತು ಊರ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿದ್ದವನು ಅವನೇ.

ಬೆಂಗಳೂರಿನ ಕ್ಲಬ್ಬಿನ ಆಫೀಸಿನಿಂದ ಚಿತ್ರಾ ಎಂಬುವರು ಮಾತನಾಡುತ್ತಿದ್ದರು. "ನಿಮ್ಮೂರಿನ ಶಿವರಾಜುನ ಅಮೆರಿಕದ ಒಂದು ಕ್ಲಬ್ ತಗೊಳ್ತಾ ಇದೆ ಸರ್. ಎರಡು ಕೋಟಿ. ಅದರಲ್ಲಿ ನೂರಕ್ಕೆ ಐದು ರೂಪಾಯಿ, ಅವನನ್ನ ಚಿಕ್ಕಂದಿನಿಂದ ಆಡಿಸಿ ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕು. ಯಾರು ಎಷ್ಟು ವರ್ಷ ಆಡಿಸಿದ್ರೋ ಅಷ್ಟು ಪಾಲು. ಹನ್ನೆರಡರಿಂದ ಹದಿನೈದು ವರ್ಷದ ತನಕ ಅವನ ದಾಖಲೆ ಖಾಲಿ ಇದೆ. ನಿಮ್ಮಲ್ಲಿ ಆಡ್ತಿದ್ದೆ ಅಂತಾನೆ. ಆಗಿನ ಪ್ಲೇಯರ್ ಕಾರ್ಡು ಕಳಿಸಿದ್ರೆ ನಿಮ್ಮ ಕ್ಲಬ್ಬಿಗೆ ಒಂದೂವರೆ ಲಕ್ಷದಷ್ಟು ಬರುತ್ತೆ."

ಸಿದ್ದೇಶನ ಕೈ ಸಡಿಲವಾಯಿತು. ಚೆಂಡು ಮೇಲಕ್ಕೆ ಚಿಮ್ಮಿ ಅವನ ಮುಖಕ್ಕೆ ನೀರೆರಚಿತು.

"ಒಂದೂವರೆ ಲಕ್ಸ" ಎಂದ ಶಿವರಾಮು, ಫೋನ್ ಇಟ್ಟ ಮೇಲೆ. "ಮರಿಯಯ್ಯ ಕೇಳ್ತಿರೋ ಅಡ್ವಾನ್ಸು ಅಷ್ಟೇ ಕಣ್ಲಾ, ಸಿದ್ದ."

ಮಕ್ಕಳು ಆಡುತ್ತಿದ್ದ ಬಯಲು ಆಲೆಮನೆಯ ಮರಿಯಯ್ಯನದು. ಈ ತಿಂಗಳೊಳಗೆ ಅಡ್ವಾನ್ಸು ಕೊಟ್ಟರೆ ಸರಿ, ಇಲ್ಲದಿದ್ದರೆ ಗೋಡೌನ್ ಕಟ್ಟುವವರಿಗೆ ಕೊಡುತ್ತೇನೆಂದು ಅವನು ಹೇಳಿಬಿಟ್ಟಿದ್ದ.

"ಕಾರ್ಡು ಎಲ್ಲದೆ ಕಳಿಸೋಕೆ?" ಎಂದ ಸಿದ್ದೇಶ. "ಅದ್ರಲ್ಲಿ ಶಿವರಾಜು ಅಂತ ಅದಾ?"

ಶಿವರಾಮು ತಲೆ ಕೆರೆದುಕೊಂಡ. ಅದರಲ್ಲಿ ಸಿದ್ದೇಶ ಎಂದಿತ್ತು.

ಹದಿಮೂರು ವರ್ಷದೊಳಗಿನವರ ಪಂದ್ಯಕ್ಕೆ ದೊಡ್ಡ ಹುಡುಗನನ್ನು ಚಿಕ್ಕವನ ಹೆಸರಲ್ಲಿ ಇಳಿಸುವುದು ಆ ಕಡೆ ಎಲ್ಲ ತಂಡಗಳೂ ಮಾಡುತ್ತಿದ್ದ ಕೆಲಸ. ಸಿದ್ದೇಶನಿಗಿಂತ ಶಿವರಾಜು ಎರಡು ವರ್ಷ ದೊಡ್ಡವನು, ಆಟದಲ್ಲಿ ಇನ್ನೂ ದೊಡ್ಡವನು. ಕಾರ್ಡು ಸಿದ್ದೇಶನದು, ಫೋಟೊ ಶಿವರಾಜುದು. ಮೂರು ವರ್ಷ ಸಿದ್ದೇಶ ಗೆರೆಯ ಆಚೆ ಕೂತು ತನ್ನ ಹೆಸರು ಆಡುವುದನ್ನು ನೋಡಿದ. ಮಂಡ್ಯದ ಫೈನಲಿನಲ್ಲಿ ಜನ "ಸಿದ್ದೇಶಾ, ಸಿದ್ದೇಶಾ" ಎಂದು ಕೂಗಿದಾಗ ಒಂದು ಸಲ ಅವನು ಎದ್ದೂ ನಿಂತಿದ್ದ. ಅದೇ ಪಂದ್ಯದಲ್ಲಿ ಶಿವರಾಜು ರೆಫರಿಯ ಎದೆಗೆ ಕೈ ಹಾಕಿ ತಳ್ಳಿದ. ಎರಡು ವರ್ಷ ಆಡಬಾರದು ಎಂದು ಆದೇಶ ಬಂತು. ಬಂದದ್ದು ಸಿದ್ದೇಶನ ಹೆಸರಿಗೆ. ಶಿವರಾಜು ಎಂಬ ಹೆಸರಿಗೆ ಒಂದು ಕಲೆಯೂ ಇರಲಿಲ್ಲ. ಆ ಹೆಸರಲ್ಲೇ ಅವನು ಬೆಂಗಳೂರಿಗೆ ಹೋದ. ಇವನು ಒಂಬತ್ತನೇ ಕ್ಲಾಸು ಬಿಟ್ಟು ಟೈರು ಬಿಚ್ಚಲು ಬಂದ.

"ಮಂಡ್ಯದಲ್ಲಿ ಒಂದು ಅಫಿಡವಿಟ್ ಮಾಡ್ಸಾಣ" ಎಂದ ಶಿವರಾಮು. "ಶಿವರಾಜುಗೆ ಮನೇಲಿ ಸಿದ್ದೇಶ ಅಂತ ಕರೀತಿದ್ರು, ಇಬ್ರೂ ಒಬ್ನೇಯ ಅಂತ. ನೋಟ್ರಿ ಕೇಳಿದುಕ್ಕೆಲ್ಲ ಸೀಲ್ ಒತ್ತಾನೆ."

"ಇಬ್ರೂ ಒಬ್ನೇಯಾದ್ರೆ ನಾನ್ ಯಾರಣ್ಣ?"

ಶಿವರಾಮು ಟೈರೊಂದನ್ನು ಗೋಡೆಗೆ ಒರಗಿಸಿದ. "ನಾನ್ ಮಾಡಿದ್ದು ತಪ್ಪೇಯ" ಎಂದ. "ಮಕ್ಳ ಬಯಲು ಓಯ್ತದಲ್ಲಾ ಅಂತ."

ಸಿದ್ದೇಶ ಕೈ ಒರೆಸಿಕೊಂಡು ಕಂಪ್ರೆಸರಿನ ಮೇಲಿದ್ದ ಫೋನನ್ನು ತೆಗೆದುಕೊಂಡ. ಚಿತ್ರಾ ಅವರ ನಂಬರಿಗೆ ತಾನೇ ಕರೆ ಮಾಡಿದ.

"ಮೇಡಂ, ಶಿವರಾಮಣ್ಣನ ಅಂಗ್ಡಿ ಹುಡ್ಗ. ಒಂದು ಡೌಟು. ಯಾರಾದ್ರೂ ಬ್ಯಾರೆಯೋರ ಕಾರ್ಡಲ್ಲಿ ಆಡಿದ್ರೆ ಏನಾಯ್ತದೆ?"

"ಅದು ವಯಸ್ಸಿನ ಮೋಸ ಆಗುತ್ತಪ್ಪ. ಕಮಿಟಿಗೆ ಹೋಗುತ್ತೆ. ತೀರ್ಮಾನ ಆಗೋ ತನಕ ಹುಡುಗನ್ನ ಕಳಿಸೋ ಹಾಗಿಲ್ಲ. ಅಮೆರಿಕದವರು ಸೇರಿಸ್ಕೊಳ್ಳೋಕೆ ಶುಕ್ರವಾರವೇ ಕೊನೆ ದಿನ. ಯಾಕೆ?"

"ಸುಮ್ನೆ ಕೇಳ್ದೆ. ಮಧ್ಯಾಹ್ನ ಯೋಳ್ತೀವಿ ಮೇಡಂ."

ಅಂದು ಮಂಗಳವಾರ. ಅಂದರೆ ತಾನು ಒಂದು ಮಾತು ಹೇಳಿದರೆ ಸಾಕು, ಶಿವರಾಜು ಅಮೆರಿಕಕ್ಕೆ ಹೋಗುವುದಿಲ್ಲ. ಸಿದ್ದೇಶ ಸೈಕಲ್ ಹತ್ತಿದ. ಬಯಲಿನ ತುಂಬ ರಚ್ಚು ಹರಡಿತ್ತು. ಅರೆದ ಕಬ್ಬಿನ ಆ ಸಿಪ್ಪೆಯನ್ನು ಆಲೆಮನೆಯವರು ಒಲೆಗೆಂದು ಅಲ್ಲಿ ಒಣಹಾಕುತ್ತಿದ್ದರು. ಮಕ್ಕಳು ಅದರ ಮೇಲೇ ಆಡುತ್ತಿದ್ದರು. ಅದರಲ್ಲಿ ಚೆಂಡು ಉರುಳುವುದಿಲ್ಲ, ಹೂತುಕೊಳ್ಳುತ್ತದೆ. ಅದನ್ನು ಕಾಲ್ಬೆರಳ ತುದಿಯಿಂದ ಎತ್ತಿ ಆಡಬೇಕು. ಶಿವರಾಜು ಹಾಗೆ ಎತ್ತುವುದನ್ನು ಟಿವಿಯಲ್ಲಿ ಯಾರೋ ದೇವರು ಕೊಟ್ಟ ಕಾಲು ಎಂದಿದ್ದರು. ಸಿದ್ದೇಶ ಅವತ್ತು ರಿಮೋಟನ್ನು ಗೋಡೆಗೆ ಎಸೆದಿದ್ದ. ದೇವರಲ್ಲ, ಮರಿಯಯ್ಯನ ರಚ್ಚು. ಅದರ ಜೊತೆಗೆ ತನ್ನ ಹೆಸರು.

ಮನೆಯಲ್ಲಿ ಅವನ ಅವ್ವ ಚಲುವಮ್ಮ ಮುದ್ದೆ ಕಟ್ಟುತ್ತಿದ್ದಳು. ಗೋಡೆಯ ಮೇಲೆ ಮೂರು ಸರ್ಟಿಫಿಕೇಟುಗಳಿದ್ದವು. ಉತ್ತಮ ಆಟಗಾರ, ಸಿದ್ದೇಶ್. ಗಾಜಿನ ಮೇಲೆ ಒಂದು ಚೂರು ಧೂಳಿರಲಿಲ್ಲ. ಸಿದ್ದೇಶ ಮೊದಲನೆಯದನ್ನು ಮೊಳೆಯಿಂದ ಬಿಚ್ಚಿದ.

"ಅದ್ಯಾಕ್ಲಾ ಕಿತ್ತೀಯೆ?"

"ಆಡಿದ್ದು ನಾನಲ್ಲ ಕಣವ್ವ. ಶಿವರಾಜು." ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಅಷ್ಟು ಸುಲಭವಾಗಿ ಬಾಯಿಗೆ ಬಂದದ್ದಕ್ಕೆ ಅವನಿಗೇ ಸಿಟ್ಟು ಬಂತು.

ಚಲುವಮ್ಮ ಮುದ್ದೆಯನ್ನು ತಟ್ಟೆಗಿಟ್ಟಳು. "ಗೊತ್ತು. ಮ್ಯಾಚ್ ಅಂತ ಓಗಿ ಬಂದು ಒಗ್ಯಾಕೆ ಆಕ್ತಿದ್ದೆಲ್ಲ, ಆ ಬಟ್ಟೇಲಿ ಒಂದಿನನಾರ ಮಣ್ಣಿತ್ತಾ? ಒಗ್ದೋಳು ನಾನಲ್ವಾ?"

"ಮತ್ತ್ಯಾಕೆ ಗೋಡೆಗೆ ತಗಲಾಕ್ದೆ?"

"ಎಸ್ರು ನಾನಿಟ್ಟಿದ್ದು" ಎಂದಳು ಅವಳು. "ಊರೂರಲ್ಲೂ ಜನ ಕೂಗೋರಂತಲ್ಲ. ಚೆಂದಾಗಿ ಆಡ್ತಂತೆ ನನ್ನ ಮಗನ ಎಸ್ರು. ಉಣ್ಣು ಬಾ, ಸಾರು ಆರೋಯ್ತದೆ."

ಅವನು ಉಂಡ. ಏಳುವಾಗ ಸರ್ಟಿಫಿಕೇಟನ್ನು ಮತ್ತೆ ಅದೇ ಮೊಳೆಗೆ ಸಿಕ್ಕಿಸಿದ. ಅದು ಸ್ವಲ್ಪ ಓರೆಯಾಗಿ ನಿಂತಿತು. ಚಲುವಮ್ಮ ಎಂಜಲು ಕೈಯ ಹಿಂಭಾಗದಿಂದ ಅದನ್ನು ನೆಟ್ಟಗೆ ಮಾಡಿದಳು.

ಅವನು ಅಂಗಡಿಗೆ ಬಂದಾಗ ಫೋನು ಆಗಲೇ ಬಡಿದುಕೊಳ್ಳುತ್ತಿತ್ತು. ಶಿವರಾಮು ಅದನ್ನು ಮುಟ್ಟದೆ ನೋಡುತ್ತಾ ಕೂತಿದ್ದ. ಸಿದ್ದೇಶ ಎತ್ತಿಕೊಂಡ.

"ಕಾರ್ಡು ಸಿಕ್ತಾಪ್ಪ?"

"ಶಿವರಾಜು ಅನ್ನೋನ ಕಾರ್ಡು ನಮ್ಮಲ್ಲಿ ಇಲ್ಲ ಮೇಡಂ. ಅವ್ನು ಇಲ್ಲಿ ಆಡೇ ಇಲ್ಲ."

ಶಿವರಾಮು ತಲೆಯೆತ್ತಿದ.

"ಆಡ್ತಿದ್ದೆ ಅಂತ ಅವನೇ ಹೇಳಿದ್ನಲ್ಲ?"

"ಬತ್ತಿದ್ದ ಮೇಡಂ. ಗೆರೆ ಆಚೆ ಕೂತ್ಕಂಡು ನೋಡ್ತಿದ್ದ. ದಿನಾ ಬರೋನು, ಪಾಪ."

ಚಿತ್ರಾ ಏನನ್ನೋ ಟೈಪ್ ಮಾಡುವ ಸದ್ದು ಕೇಳಿಸಿತು. "ನಮ್ಮ ಕೋಚು ನಿಮ್ಮೂರಿನ ಯಾರೋ ಸಿದ್ದೇಶ್ ಅನ್ನೋ ಹುಡುಗನ ವಿಷಯ ಹೇಳ್ತಿದ್ರು. ಮೂರು ವರ್ಷ ಅವನೇ ಬೆಸ್ಟ್ ಪ್ಲೇಯರ್ ಅಂತೆ."

"ಊಂ ಮೇಡಂ. ಚೆನ್ನಾಗಾಡ್ತಿದ್ದ."

"ಈಗೆಲ್ಲಿದ್ದಾನೆ?"

ಸಿದ್ದೇಶ ರಸ್ತೆಯ ಕಡೆ ನೋಡಿದ. ಕಬ್ಬು ತುಂಬಿದ ಒಂದು ಎತ್ತಿನ ಗಾಡಿ ಹೋಗುತ್ತಿತ್ತು.

"ಆಟ ಬುಟ್ಬುಟ್ಟ ಮೇಡಂ" ಎಂದ.

ಫೋನು ಕಂಪ್ರೆಸರಿನ ಮೇಲೆ ಕೂತಿತು. ಶಿವರಾಮು ಎದ್ದು ಅಂಗಿಯ ಗುಂಡಿ ಹಾಕಿಕೊಂಡ. "ಮರಿಯಯ್ಯನ ತಾವ್ಕೆ ಓಗ್ಬತ್ತೀನಿ. ಇನ್ನೊಂದು ತಿಂಗ್ಳು ಕೊಡ್ತಾನೋ ಏನೋ ಕೇಳಾಣ."

"ಕೊಡಾಕಿಲ್ಲ ಕಣಣ್ಣ ಅವ್ನು."

"ಗೊತ್ತು ಕಣ್ಲಾ" ಎಂದು ಶಿವರಾಮು ಇಳಿದು ಹೋದ.

ಸಿದ್ದೇಶ ಚೆಂಡನ್ನು ಮತ್ತೆ ತೊಟ್ಟಿಯೊಳಕ್ಕೆ ಅದುಮಿದ. ಬೆಳಿಗ್ಗೆ ಹಾಕಿದ ತೇಪೆ ಗಟ್ಟಿಯಾಗಿ ಕೂತಿತ್ತು. ಅದರ ಪಕ್ಕದ ಹೊಲಿಗೆಯಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಏಳತೊಡಗಿದವು. ಅವನು ಅಲ್ಲಿಗೆ ಹೆಬ್ಬೆರಳು ಒತ್ತಿದ. ಗುಳ್ಳೆ ನಿಂತಿತು. ಬೆರಳನ್ನು ತೆಗೆಯದೆ ಹಾಗೇ ಕೂತ.