ರುಬಿಯೇಲಾಳ ಹುರುಳಿಕಾಯಿ

ತೋಟದಲ್ಲಿ ಯಾರೂ ವಿಷ ಹೊಡೆಯಕೂಡದು ಎಂದು ಕಟ್ಟಳೆ ಮಾಡಿದವಳೇ ರುಬಿಯೇಲಾ. ಮೆಡೆಯಿನ್ ನಗರದ ಗುಡ್ಡದ ಮೇಲೆ ಕಸ ಸುರಿಯುತ್ತಿದ್ದ ಜಾಗವನ್ನು ನಾವು ಕೇರಿಯವರೆಲ್ಲ ಸೇರಿ ಅಗೆದು ತೋಟ ಮಾಡಿದಾಗ, ಹಕ್ಕಿಗಳಿಗೆಂದೇ ಒಂದು ಪಾತಿ ಬಿಡಬೇಕು, ಬಿದ್ದ ಪಪಾಯ ಹಣ್ಣನ್ನು ಕಾಡುಪ್ರಾಣಿಗಳಿಗೆ ಬಿಡಬೇಕು ಎಂದು ಭಾಷಣ ಬಿಗಿದವಳೂ ಅವಳೇ. ಇನ್ನೊಬ್ಬರ ಪಾತಿಯಲ್ಲಿ ಮೂಗು ತೂರಿಸುವುದೆಂದರೆ ಅವಳಿಗೆ ಹಬ್ಬ.

ಎಲೆ ಕತ್ತರಿಸುವ ಇರುವೆಗಳು ಅವಳ ಹುರುಳಿಕಾಯಿ ಚಪ್ಪರಕ್ಕೇ ನುಗ್ಗಿ ಅರ್ಧ ಬೋಳಿಸಿದವು. ಮರುದಿನ ಬೆಳಿಗ್ಗೆ, ಯಾರೂ ಬರುವ ಮೊದಲೇ, ಅವಳು ಅಂಗಡಿಯಿಂದ ತಂದ ಹುಳದ ಔಷಧಿಯನ್ನು ಬಳ್ಳಿಗೂ ಹೂವಿಗೂ ಹೊಡೆದು ಡಬ್ಬಿಯನ್ನು ಬಚ್ಚಿಟ್ಟಳು. ಆಗ ನಮಗಾರಿಗೂ ಇದು ಗೊತ್ತಿರಲಿಲ್ಲ.

ಆ ವಾರವೇ ದೋನ್ ಎವೆಲಿಯೊ ಎಂಬ ಮುದುಕನ ನಸರಿ ಜೇನು, ಚುಚ್ಚದ ಆ ಪುಟ್ಟ ಹುಳುಗಳ ಗೂಡಿಗೆ ಗೂಡೇ, ಸತ್ತುಹೋಯಿತು. ತೋಟದ ಗೋಡೆಗೆ ತೂಗುಹಾಕಿದ ಪೆಟ್ಟಿಗೆಯಲ್ಲಿ ಅದನ್ನು ಮಕ್ಕಳಂತೆ ಸಾಕಿದ್ದ. ಕೇರಿಯಲ್ಲಿ ಯಾರ ಕಣ್ಣು ಕೆಂಪಾದರೂ ಅದರ ತುಪ್ಪದ್ದೇ ಒಂದು ಹನಿ ಬಿಡುತ್ತಿದ್ದ. ಸತ್ತ ಹುಳುಗಳನ್ನು ಟೋಪಿಯೊಳಕ್ಕೆ ಬಾಚಿಕೊಂಡು ಕೂತುಬಿಟ್ಟ.

"ನನ್ನಿಂದ್ಲೇ ಆಗಿದ್ದು. ಈ ಮಳೇಲಿ ಪೆಟ್ಟಿಗೆ ಮುಚ್ಚಳ ತೆಗೀಬಾರ್ದಿತ್ತು. ಥಂಡಿ ಹೊಡೀತು."

"ವಯಸ್ಸಾಯ್ತಲ್ಲ ದೋನ್ ಎವೆಲಿಯೊ, ಇನ್ಮೇಲೆ ಕೋಳಿ ಸಾಕಿ. ಅದಾದ್ರೆ ಹಸಿವಾದ್ರೆ ಕೂಗುತ್ತೆ" ಎಂದಳು ತೋಟದ ಉಸ್ತುವಾರಿಯ ಆಂಪಾರೊ. ನಾವೆಲ್ಲ ನಕ್ಕೆವು. ರುಬಿಯೇಲಾ ನಗಲಿಲ್ಲ.

ಭಾನುವಾರ ಎಲ್ಲರೂ ಕೂಡಿ ಕೆಲಸ ಮಾಡುವ ದಿನ. ಮಧ್ಯಾಹ್ನ ಅವರವರ ಪಾತಿಯಲ್ಲಿ ಬೆಳೆದದ್ದೆಲ್ಲ ಒಂದೇ ಹಂಡೆಗೆ ಬಿದ್ದು ಸಾಂಕೋಚೊ ಸಾರಾಗುತ್ತದೆ. ಅವತ್ತು ರುಬಿಯೇಲಾ ತನ್ನ ಹುರುಳಿಕಾಯಿ ಬಿಟ್ಟು ಅಂಗಡಿಯ ಆಲೂಗಡ್ಡೆ ತಂದಿದ್ದಳು. ಬಡಿಸುವ ಸೌಟು ಮಾತ್ರ ಎಂದಿನಂತೆ ಅವಳ ಕೈಯಲ್ಲೇ ಇತ್ತು. ಮಕ್ಕಳು ಬಟ್ಟಲು ಹಿಡಿದು ಸಾಲಾಗಿ ನಿಂತಿದ್ದರು.

ಎವೆಲಿಯೊ ಹತ್ತಿರ ಬಂದ. "ಜೇನಿಲ್ದೆ ಈ ಸಲ ನಿನ್ನ ಬಳ್ಳೀಲಿ ಕಾಯಿ ಕಮ್ಮಿ ಆಗುತ್ತೆ. ತಪ್ಪು ನಂದು, ಮನಸ್ಸಲ್ಲಿ ಇಟ್ಕೋಬೇಡ ತಾಯಿ. ಮಂಡಿ ನೋವಲ್ಲಿ ನೀನೆಲ್ಲಿ ಎಟುಕಿ ಕೀಳ್ತೀಯಾ ಅಂತ, ಇದ್ದ ಹುರುಳಿಕಾಯಿ ನಾನೇ ಕಿತ್ತು ಹಂಡೆಗೆ ಹಾಕ್ದೆ."

ಮೊದಲ ಬಟ್ಟಲಿಗೆ ಹೊರಟ ಸೌಟು ನಿಂತಿತು.

"ಇದು... ಉಪ್ಪು ಜಾಸ್ತಿಯಾಗಿದೆ. ಚೆಲ್ಲಿಬಿಡೋಣ" ಎಂದಳು ರುಬಿಯೇಲಾ.

"ಉಪ್ಪು ಹಾಕಿದ್ದು ನಾನು. ನೀವಿನ್ನೂ ನಾಲಿಗೆಗೇ ಇಟ್ಟಿಲ್ಲ, ನಿಮ್ಗೆ ಹೇಗೆ ಗೊತ್ತಾಯ್ತು ದೊನ್ಯಾ ರುಬಿಯೇಲಾ?" ಆಂಪಾರೊ ಸೌಟು ಕಸಿದುಕೊಂಡು, ಸಾರು ತುಂಬಿ, ಊದಿ ತುಟಿಗೆ ತಂದಳು.

ರುಬಿಯೇಲಾ ಅವಳ ಕೈಗೆ ಹೊಡೆದಳು. ಸಾರು ನೆಲಕ್ಕೆ ಚೆಲ್ಲಿತು.

"ಕಾಯಿಗೆ ವಿಷ ಹೊಡ್ದಿದ್ದೀನಿ" ಎಂದಳು. ತಲೆ ಎತ್ತಲಿಲ್ಲ. ಅವಳ ಕಿವಿ, ಕತ್ತು ಎಲ್ಲ ಕೆಂಪಾಗಿತ್ತು. ಮುದುಕನನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬಳು. ನನಗೂ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ಯಾವತ್ತು ಹೊಡ್ದೆ?" ಎಂದು ಎವೆಲಿಯೊ ಮೆಲ್ಲಗೆ ಕೇಳಿದ.

"ಮಂಗಳವಾರ. ಬೆಳಿಗ್ಗೆ."

"ಹೂವಿಗೂ ಬಿತ್ತಾ?"

"ಬಿತ್ತು."

ಬೈಯುತ್ತಾನೆಂದು ಕಾದೆವು. ಬೈದಿದ್ದರೆ ಅವಳಿಗೂ ಸ್ವಲ್ಪ ಹಗುರವಾಗುತ್ತಿತ್ತು. ಆದರೆ ಮುದುಕನ ಮುಖ ಅರಳಿತು.

"ಹಾಗಾದ್ರೆ ನಾನು ಕೊಂದಿದ್ದಲ್ಲ" ಎಂದ. ನಮ್ಮ ಕಡೆ ತಿರುಗಿ, "ಕೇಳಿದ್ರಾ, ನಾನಲ್ವಂತೆ" ಎಂದು ಒಬ್ಬೊಬ್ಬರಿಗೂ ಹೇಳಿದ. ಆಮೇಲೆ ರುಬಿಯೇಲಾಳ ಎರಡೂ ಕೈ ಹಿಡಿದುಕೊಂಡ.

"ಹೇಳಿದ್ಯಲ್ಲ ತಾಯಿ, ನಿನ್ನ ಹೊಟ್ಟೆ ತಣ್ಣಗಿರ್ಲಿ."

ಅವಳು ಕೈ ಬಿಡಿಸಿಕೊಳ್ಳಲು ನೋಡಿದಳು. ಮುದುಕ ಬಿಡಲಿಲ್ಲ.